ಎಂಟು ಕಾಲಿನ ಟೈಲರ್

ಹುಣಸೆಮರದ ಕೊಂಬೆಯಲ್ಲಿ ಜೇಡರಾಯರ ಟೈಲರಿಂಗ್ ಅಂಗಡಿಯಿತ್ತು. ಅಳತೆ ತೆಗೆಯುವುದು, ಕತ್ತರಿಸುವುದು, ಹೊಲಿಯುವುದು, ಇಸ್ತ್ರಿ ಹಾಕುವುದು, ಎಲ್ಲವನ್ನೂ ರಾಯರೊಬ್ಬರೇ ಮಾಡುತ್ತಿದ್ದರು, ಅದೂ ಒಟ್ಟೊಟ್ಟಿಗೆ.

ಗೊರವಂಕದ ಮದುವೆಯ ದಿನ ಬೆಳಿಗ್ಗೆ ಗೀಜಗ ಹಕ್ಕಿ ಕೆಲಸ ಕೇಳಿಕೊಂಡು ಬಂತು. "ರಾಯರೇ, ಮದುಮಗಳ ರವಿಕೆಯ ತೋಳು ನನಗೆ ಕೊಡಿ. ನೀವು ಕುತ್ತಿಗೆಯ ಕಸೂತಿಯೊಂದನ್ನೇ ನೋಡಿಕೊಳ್ಳಿ."

"ನಿನಗೆ ಹೇಳಿಕೊಡುವಷ್ಟರಲ್ಲಿ ನಾನೇ ನಾಲ್ಕು ರವಿಕೆ ಹೊಲಿದಿರುತ್ತೇನೆ," ಎಂದರು ರಾಯರು. ಕೆಲವು ಕಾಲುಗಳಲ್ಲಿ ಕಸೂತಿ, ಕೆಲವು ಕಾಲುಗಳಲ್ಲಿ ತೋಳು ಹಿಡಿದುಕೊಂಡೇ ಎದುರಿಗೆ ನಿಂತ ಅಳಿಲಿನ ಅಂಗಿಗೆ ಅಳತೆ ತೆಗೆಯಹೋದರು. ಆ ಭರಾಟೆಯಲ್ಲಿ ತಮ್ಮ ಎಂಟೂ ಕಾಲುಗಳನ್ನು ರವಿಕೆಗೆ ಸೇರಿಸಿ ಭದ್ರವಾಗಿ ಹೊಲಿದುಬಿಟ್ಟರು.

ಅಷ್ಟರಲ್ಲಿ ಗೊರವಂಕ ಹಾರಿ ಬಂದಳು. "ರಾಯರೇ, ಮುಹೂರ್ತ ಮೀರುತ್ತಿದೆ!"

ಗೀಜಗ ಕತ್ತರಿ ಎತ್ತಿಕೊಂಡಿತು. "ನಾನು ಬಿಡಿಸಲೇ?"

"ಮುಟ್ಟಬೇಡ, ಕೆಡಿಸುತ್ತೀಯ! ಕತ್ತರಿ ಇತ್ತ ಕೊಡು, ನಾನೇ ಬಿಡಿಸಿಕೊಳ್ಳುತ್ತೇನೆ," ಎಂದರು ರಾಯರು. ಗೀಜಗ ವಿನಯದಿಂದ ಕತ್ತರಿ ಚಾಚಿತು. ಹಿಡಿಯಲು ರಾಯರಿಗೆ ಒಂದು ಕಾಲೂ ಬಿಡುವಿರಲಿಲ್ಲ.

ಕಾಯಲಾರದೆ ಮದುಮಗಳು ರಾಯರ ಸಮೇತ ರವಿಕೆ ತೊಟ್ಟು ಮಂಟಪಕ್ಕೆ ಹಾರಿದಳು. ಇತ್ತ ಅಂಗಡಿಯಲ್ಲಿ ಗೀಜಗ ಅಳಿಲಿನ ಅಂಗಿಯೊಂದನ್ನೇ ಹಿಡಿದು ಕೂತು, ಹೊಲಿದುಕೊಟ್ಟು ಕಳಿಸಿತು. ಅತ್ತ ಮಂಟಪದಲ್ಲಿ ಬೀಗರು ಮದುಮಗಳ ಬೆನ್ನಿನ ಮೇಲೆ ಒದ್ದಾಡುತ್ತಿದ್ದ ಹೊಸ ನಮೂನೆಯ ಕಸೂತಿಯನ್ನು ಬಾಯ್ತುಂಬ ಹೊಗಳಿದರು. ಧಾರೆ ಮುಗಿಯುವುದರೊಳಗೆ ರಾಯರು ಅಲ್ಲಿಂದಲೇ ಇನ್ನೂ ಮೂರು ರವಿಕೆ ಒಪ್ಪಿಕೊಂಡು, ಮೂರನ್ನೂ ನಾಳೆಯೇ ಕೊಡುವುದಾಗಿ ಮಾತು ಕೊಟ್ಟರು.