ಕಿವಿಗೆ ಬಿಟ್ಟ ನೀರು

ಹೊಳೆದಂಡೆಯ ಒಂದು ಊರಿನಲ್ಲಿ ದ್ಯಾಮಣ್ಣ ಎಂಬ ಕುರಿ ವ್ಯಾಪಾರಿ ಇದ್ದ. ಆ ಸೀಮೆಯಲ್ಲಿ ಒಂದು ಪದ್ಧತಿ. ಕುರಿ ಕಡಿಯುವ ಮೊದಲು ಅದನ್ನು ಹೊಳೆಗೆ ಕರೆದೊಯ್ದು ತಲೆಗೆ ನೀರು ಹಾಕಿ ಕಾಯಬೇಕು. ಕುರಿ ಮೈ ಒದರಿದರೆ ಸಾಯಲು ಒಪ್ಪಿದ ಹಾಗೆ. ಒದರದಿದ್ದರೆ ಬಿಟ್ಟುಬಿಡಬೇಕು.

ಬೇರೆಯವರ ಕೈಯಲ್ಲಿ ಆಗೊಂದು ಈಗೊಂದು ಕುರಿ ಉಳಿದುಕೊಳ್ಳುತ್ತಿತ್ತು. ದ್ಯಾಮಣ್ಣನ ಕೈಯಲ್ಲಿ ಒಂದೂ ಉಳಿಯಲಿಲ್ಲ. ಒದರದ ಕುರಿಗೆ ಅವನು ಇನ್ನೊಮ್ಮೆ ನೀರು ಹಾಕಿದಂತೆ ಮಾಡಿ, ಮೆಲ್ಲಗೆ ಕಿವಿಯೊಳಗೆ ಬಿಡುತ್ತಿದ್ದ. ಕಿವಿಗೆ ನೀರು ಹೋದರೆ ಯಾವ ಕುರಿ ಸುಮ್ಮನಿರುತ್ತದೆ?

ಹೆಂಡತಿ ಗಾಳೆವ್ವನಿಗೆ ಈ ಗುಟ್ಟು ಗೊತ್ತಿತ್ತು. ಒಂದು ದಿನ ಅವನು ಮನೆಯ ಊಟಕ್ಕೆಂದು ಒಂದು ಕುರಿಗೆ ಹಗ್ಗ ಹಾಕಿದಾಗ ಅವಳು, "ತಿನ್ನೋದಾದರೆ ತಿನ್ನು. ಕುರೀನೇ ಒಪ್ಪಿತು ಅಂತ ಅದರ ಮೇಲೆ ಯಾಕೆ ಹಾಕ್ತೀ?" ಎಂದಳು.

"ನೆಟ್ಟಗೆ ಕೇಳಿದರೆ ಯಾರು ಒಪ್ತಾರೆ, ಹುಚ್ಚಿ! ಹೋಗು, ಮಸಾಲೆ ಅರೆ," ಎಂದು ನಕ್ಕು, ಅವನು ಕುರಿಯನ್ನು ಹೊಳೆಗೆ ಎಳೆದುಕೊಂಡು ಹೊರಟ.

ನೀರಿನ ಹತ್ತಿರ ಬಂದದ್ದೇ ಕುರಿ ನಿಂತುಬಿಟ್ಟಿತು. ಎಷ್ಟು ಎಳೆದರೂ ಕದಲಲಿಲ್ಲ. ದಂಡೆಯ ಜೊಂಡು ಅಲುಗಿತು. ಹುಲಿ!

ಕುರಿ ಹಗ್ಗ ಕಿತ್ತುಕೊಂಡು ಓಡಿತು. ದ್ಯಾಮಣ್ಣ ನೀರಿನಂಚಿನಲ್ಲೇ ಅಂಗಾತ ಬಿದ್ದ. ಹುಲಿ ಅವನ ಎದೆಯ ಮೇಲೆ ಕಾಲಿಟ್ಟಿತು. ಅದರ ಬಾಯಿಯ ವಾಸನೆ ಮುಖಕ್ಕೆ ಬಡಿಯಿತು.

"ಹೆದರಬೇಡ," ಎಂದಿತು ಹುಲಿ. "ನಿಮ್ಮ ಪದ್ಧತಿ ಈ ಜೊಂಡಿನೊಳಗಿಂದ ದಿನಾ ನೋಡಿದ್ದೇನೆ. ನೀನು ಒಪ್ಪದೆ ನಾನು ತಿನ್ನೋದಿಲ್ಲ."

ಇನ್ನೊಂದು ಕಾಲನ್ನು ಹೊಳೆಯಲ್ಲಿ ಅದ್ದಿ ಅವನ ನೆತ್ತಿಯ ಮೇಲೆ ಹಿಡಿಯಿತು. ತಣ್ಣನೆಯ ಹನಿ ಹಣೆಯ ಮೇಲೆ ಬಿತ್ತು. ಹುಬ್ಬು ದಾಟಿ ಕಣ್ಣಿಗಿಳಿಯಿತು. ದ್ಯಾಮಣ್ಣ ಹಲ್ಲು ಕಚ್ಚಿದ. ಉಸಿರು ಬಿಗಿಹಿಡಿದ. ಕಲ್ಲಿನಂತೆ ಬಿದ್ದುಕೊಂಡ. ಹನಿಗಳೆಲ್ಲ ಮುಗಿದವು.

"ನೋಡು ಸ್ವಾಮಿ, ನಾನು ಅಲುಗಲಿಲ್ಲ. ಇನ್ನು ಬಿಟ್ಟುಬಿಡು," ಎಂದ, ತುಟಿ ಮಾತ್ರ ಆಡಿಸುತ್ತ.

"ಅಲುಗದ ಕುರೀನ ನೀನು ಎಷ್ಟು ಸಲ ಬಿಟ್ಟಿದ್ದೀಯಪ್ಪಾ?"



ಹುಲಿ ಮತ್ತೆ ಕಾಲನ್ನು ನೀರಿನಲ್ಲಿ ಅದ್ದಿತು. ಈ ಸಲ ಅದು ನೆತ್ತಿಯ ಮೇಲೆ ಬರಲಿಲ್ಲ. ಕಿವಿಯ ಹತ್ತಿರ ಬಂತು.

ಮನೆಯಲ್ಲಿ ಗಾಳೆವ್ವ ಮಸಾಲೆ ಅರೆದಿಟ್ಟು ಕಾಯುತ್ತಿದ್ದಳು. ಹಗ್ಗ ಎಳೆದುಕೊಂಡು ಕುರಿ ಒಂದೇ ಬಂತು.

ನೀತಿ: ತಿನ್ನುವವರು ತಮ್ಮ ಹಸಿವಿಗೆ ತಿನ್ನುತ್ತೇವೆ ಎಂದು ಹೇಳಿ ತಿನ್ನಲಿ. ಒಲ್ಲೆ ಎಂದು ಎದ್ದು ಹೋಗಲು ದಾರಿಯಿಲ್ಲದವರಿಂದ ಪಡೆದ ಒಪ್ಪಿಗೆ, ಸಂತೆಯಲ್ಲಾಗಲಿ ಹೊಳೆದಂಡೆಯಲ್ಲಾಗಲಿ, ಒಪ್ಪಿಗೆಯಲ್ಲ.