ಗಡಿಗೆ ಒಂದೇ, ಹೊಟ್ಟೆ ಬೇರೆ

"ಕೇಳಿರಯ್ಯಾ ಕೇಳಿ! ರಾಣಿ, ಆಕೆಯ ತಮ್ಮ, ಆಕೆಯ ಹಿರಿಮಗ, ಮೂವರೂ ಹೊಟ್ಟೆಯೊಳಗೆ ಗಂಟು ಬೆಳೆದು ಸತ್ತರು. ದೊರೆಯ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುವುದು. ತಪ್ಪಿದವನ ತಲೆ ಹೋಗುವುದು. ಯಾರೂ ಬಿಡಿಸದಿದ್ದರೆ ಅಡುಗೆಯ ಗಿರಿಯವ್ವನನ್ನು ಆನೆಯಿಂದ ತುಳಿಸಲಾಗುವುದು!"

ಡಂಗುರ ಕೇಳಿದ ಕುರಿಗಾಹಿ ಕರಿಸಿದ್ದ ಕಂಬಳಿ ಕೊಡವಿ ಎದ್ದ. ಗಿರಿಯವ್ವ ಅವನ ಸೋದರತ್ತೆ.

ದೊರೆ ಮಲ್ಲರಸನಿಗೆ ಆಗ ಯಾರ ಮೇಲೂ ನಂಬಿಕೆಯಿರಲಿಲ್ಲ. ಕುಡಿಯುವ ನೀರನ್ನೂ ಮೊದಲು ಬೆಕ್ಕಿಗೆ ಕುಡಿಸುತ್ತಿದ್ದ.

"ಒಂದೇ ಗಡಿಗೆಯ ಅನ್ನ. ಉಂಡವರು ಅರಮನೆಯವರೆಲ್ಲ, ಹೋದವರು ಮೂವರೇ. ಯಾಕೆ?" ತುಂಬಿದ ಸಭೆಯಲ್ಲಿ ದೊರೆ ಮೊದಲ ಒಗಟು ಒಡ್ಡಿದ.

"ಆ ಮೂವರ ಎಲೆಗೆ ವಿಷ ಸವರಿದ್ದರು, ಪ್ರಭು," ಎಂದ ದಳವಾಯಿಯ ಮಗ.

"ಎಲೆ ಹಾಕಿದವನು ನಾನೇ," ಎಂದ ದೊರೆ. ದಳವಾಯಿಯ ಮಗನನ್ನು ಎಳೆದೊಯ್ದರು.

"ಮಾಟ," ಎಂದ ಮಂತ್ರವಾದಿ.

"ಮಾಡಿದವನು ನೀನೋ?" ಅವನನ್ನೂ ಎಳೆದೊಯ್ದರು.

ಕರಿಸಿದ್ದ ಎದೆ ಸೆಟೆಸಿ ನಿಂತ. ದೊರೆ ಕಣ್ಣು ಕಿರಿದು ಮಾಡಿದ. "ಅಡುಗೆಯವಳ ಅಣ್ಣನ ಮಗ! ಉತ್ತರ ಬಲ್ಲವನೇ ಕಳ್ಳನಿರಬಹುದಲ್ಲ?"

"ಇರಬಹುದು ಬುದ್ಧಿ. ಕೇಳಿ ನೋಡಿ. ಗಡಿಗೆ ಒಂದೇ, ಹೊಟ್ಟೆ ಬೇರೆ. ಹೋದವರು ಮೂವರೂ ರಾಣಿಯ ತವರಿನ ರಕ್ತ. ಅದೇ ಅನ್ನ ಉಂಡ ತಾವು ಗುಂಡುಕಲ್ಲಿನಂತಿದ್ದೀರಿ."

"ಹಾಗಾದರೆ ಯಾರ ಕೈಯೂ ಬಡಿಸದೆ ಸಾವು ಹೊಟ್ಟೆ ಸೇರಿದ ದಾರಿ ಯಾವುದು?" ಎಂದು ದೊರೆ ಎರಡನೆಯದನ್ನು ಕೇಳಿದ.

"ಹೆತ್ತ ಹೊಟ್ಟೆಯಿಂದ ಉಣ್ಣುವ ಹೊಟ್ಟೆಗೆ. ತಾವು ಉಣ್ಣುವ ಹೊಟ್ಟೆಯನ್ನಷ್ಟೇ ತಡಕಿದಿರಿ. ಒಂದೇ ಟಗರಿನ ಮರಿಗಳು ಕುಂಟಿದರೆ ನಾವು ಹುಲ್ಲನ್ನು ಬೈಯುವುದಿಲ್ಲ, ತಳಿ ನೋಡುತ್ತೇವೆ. ರಾಣಿಯ ತಾಯಿ ಹೇಗೆ ಹೋದರು, ವಿಚಾರಿಸಿ."

ರಾಣಿಯ ತವರಿನಿಂದ ಬಂದಿದ್ದ ಮುದಿ ದಾದಿ ಸೆರಗು ಬಾಯಿಗಿಟ್ಟಳು. "ಅದೇ ಗಂಟು, ಸ್ವಾಮಿ. ವಂಶಕ್ಕೆ ಕಳಂಕ ಅಂತ ನಮ್ಮ ಬಾಯಿ ಮುಚ್ಚಿಸಿದ್ದರು. ಗಿರಿಯವ್ವ ಆ ಊರನ್ನೇ ಕಂಡವಳಲ್ಲ."

ದೊರೆ ಪಕ್ಕದಲ್ಲಿದ್ದ ಮಗಳತ್ತ ನೋಡಿದ. ದನಿ ಕುಗ್ಗಿತು. "ಮೂರನೆಯದು. ಮುಂದೆ ಯಾರು?"

"ಯಾರಿಗೂ ಗೊತ್ತಿಲ್ಲ. ಅದೇ ಉತ್ತರ," ಎಂದ ಕರಿಸಿದ್ದ. "ಕುಂಟು ತಳಿಯ ಮರಿಯೆಲ್ಲ ಕುಂಟುವುದಿಲ್ಲ ಬುದ್ಧಿ. ಅಮ್ಮಾವರಿಗೆ ಆ ತಳಿಗುಣ ಬಂದಿರಬಹುದು, ಬಾರದೆಯೂ ಇರಬಹುದು. ಬಂದಿದ್ದರೂ ಗಂಟು ಕಟ್ಟಲೇಬೇಕೆಂದಿಲ್ಲ. ಒಣಮಾಂಸದ ಉಪ್ಪುಖಂಡ ತಿನ್ನುವುದನ್ನು ಬಿಡಿಸಿ. ಹೊಟ್ಟೆ ನೊಂದ ದಿನವೇ ವೈದ್ಯರನ್ನು ಕರೆಸಿ. ಅಮ್ಮಾವರನ್ನು ಕಾಯಿರಿ, ಕಳ್ಳರನ್ನು ಹುಡುಕಬೇಡಿ."

"ಅಪ್ಪಾಜಿ," ಎಂದಳು ರಾಜಕುಮಾರಿ, "ಅಣ್ಣ ಹೋದಮೇಲೆ ನನ್ನನ್ನು ಬದುಕಿರುವವಳಂತೆ ಕಂಡವನು ಇವನೊಬ್ಬನೇ."

ದೊರೆ ಮಗಳ ತಲೆ ನೇವರಿಸಿ ಕರಿಸಿದ್ದನತ್ತ ತಿರುಗಿದ. "ಏನು ಬೇಕು, ಕೇಳು."

"ನಮ್ಮತ್ತೆ. ಎಳೆದೊಯ್ದ ಆ ಇಬ್ಬರ ತಲೆ, ಕತ್ತಿನ ಮೇಲೇ ಇರುವಂತೆ. ಮೇಲೆ ಬೆಟ್ಟದ ಹುಲ್ಲುಗಾವಲು ಕೊಟ್ಟರೆ ಬೇಡ ಅನ್ನೋಲ್ಲ."

ಎಲ್ಲವೂ ಸಿಕ್ಕಿತು. ಗಿರಿಯವ್ವನ ಸರಪಳಿ ಬಿಚ್ಚಿಸಿ ದೊರೆಯೇ ಅಡುಗೆಮನೆಯ ಬೀಗದ ಕೈ ನೀಡಿದ. ಆಕೆ ಮುಟ್ಟಲಿಲ್ಲ.

"ಬೇಡ ಬುದ್ಧಿ. ತಮ್ಮ ಕಣ್ಣು ನನ್ನ ಕೈ ಮೇಲಿದ್ದರೆ ಸಾರಿಗೆ ಹದ ಬರೋಲ್ಲ."

ಹೇಳಿ, ಅಳಿಯನ ಹಿಂದೆ ಬೆಟ್ಟದ ಹಾದಿ ಹಿಡಿದಳು.