ಹಿಡಿದದ್ದು ಬಿಡದ ಉಡ

ಗೋಡೆ ಹತ್ತುವುದನ್ನು ಕಲಿಸುವ ಒಳಾಂಗಣ ಶಾಲೆಯೊಂದಕ್ಕೆ ಒಂದು ಉಡ ಬಂದು ಸೇರಿತು. ಅಲ್ಲಿನ ಗುರು ಒಬ್ಬಳು ಮುದಿ ಮೇಕೆ. ಗೋಡೆಯ ತುಂಬ ಹಿಡಿದು ಹತ್ತಲೆಂದು ಬೋಲ್ಟು ಹಾಕಿ ಕೂರಿಸಿದ್ದ ಬಣ್ಣದ ಗುಬಟುಗಳನ್ನು ತೋರಿಸಿ ಮೇಕೆಯಮ್ಮ ಹೇಳಿದಳು: "ಉಡಪ್ಪ, ಭಾರವೆಲ್ಲ ಕಾಲಿನ ಮೇಲಿರಲಿ. ಕೈ ಸಡಿಲವಾಗಿರಲಿ."

"ಕಾಲು ನಡೆಯುವುದಕ್ಕೆ, ತಾಯಿ. ಹತ್ತುವುದಕ್ಕೆ ತೋಳಿದೆ. ಉಡದ ಪಟ್ಟು ಲೋಕಪ್ರಸಿದ್ಧ. ಹಿಡಿದದ್ದನ್ನು ನಮ್ಮ ವಂಶದಲ್ಲಿ ಯಾರೂ ಬಿಟ್ಟಿಲ್ಲ!"

ಹೀಗೆಂದು ಉಡ ಕೈಗೆ ಸಿಕ್ಕ ಮೊದಲ ಗುಬಟನ್ನೇ ಗಟ್ಟಿಯಾಗಿ ಹಿಡಿದು ನೇತಾಡತೊಡಗಿತು.

"ಅದನ್ನು ಬಿಟ್ಟರಲ್ಲವೇ ಮುಂದಿನದು ಸಿಗುವುದು?" ಎಂದಳು ಮೇಕೆಯಮ್ಮ. ಉಡ ಕೇಳಿಸದಂತೆ ಇನ್ನಷ್ಟು ಬಿಗಿಯಾಗಿ ಹಿಡಿಯಿತು.

ತುಸು ಹೊತ್ತಿಗೆ ಅದೇ ಗೋಡೆ ಹತ್ತುತ್ತಿದ್ದ ಬಸವನಹುಳುವೊಂದು ಬಂದು, "ಸ್ವಲ್ಪ ಜರುಗಿ ಸ್ವಾಮಿ, ನನಗೆ ಅವಸರವಿದೆ" ಎಂದು ಉಡದ ಬೆನ್ನ ಮೇಲೆಯೇ ಹಾದು ಹೋಯಿತು. ತುದಿ ಮುಟ್ಟಿ ಇಳಿದು ಬಂದಾಗಲೂ ಉಡ ಅಲ್ಲೇ ಇತ್ತು. ತೋಳು ನಡುಗುತ್ತಿತ್ತು, ಬೆರಳು ಮರಗಟ್ಟಿತ್ತು. ಬಸವನಹುಳುವಿಗೆ ಸೋತರೆ ಊರಲ್ಲಿ ತಲೆಯೆತ್ತುವುದು ಹೇಗೆ? ಕಣ್ಣುಮುಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒಮ್ಮೆ ಜಗ್ಗಿತು.

ಬೋಲ್ಟು ಟಣ್ಣನೆ ಕಿತ್ತು ಬಂತು. ಗುಬಟಿನ ಸಮೇತ ಉಡ ಕೆಳಗೆ ಹಾಸಿದ್ದ ಮೆತ್ತೆಯ ಮೇಲೆ ಅಂಗಾತ ಬಿತ್ತು. ಬಿದ್ದಲ್ಲೇ ಗುಬಟನ್ನು ಎದೆಗವಚಿಕೊಂಡು, "ನೋಡಿದಿರಾ? ಬಿಡಲಿಲ್ಲ!" ಎಂದು ಬೀಗಿತು.

"ನಿಜ ಕಣಪ್ಪ, ನೀನು ಬಿಡಲಿಲ್ಲ" ಎಂದಳು ಮೇಕೆಯಮ್ಮ. "ಗೋಡೆಯೇ ನಿನ್ನನ್ನು ಬಿಟ್ಟುಬಿಟ್ಟಿತು."